ಫೇಬಿಯನ್ನೋ, ಸೆಬಾಸ್ಟಿಯನ್ನೋ?

ಪ್ರಶ್ನೆ: ನಮ್ಮ ಮಗ ಹುಟ್ಟಿದ್ದು ಜನವರಿ 20ಕ್ಕೆ. ಚರ್ಚಿನ ಕ್ಯಾಲೆಂಡರಿನಲ್ಲಿ ಅವತ್ತು ಸಂತ ಫೇಬಿಯನ್, ಸಂತ ಸೆಬಾಸ್ಟಿಯನ್ ಇಬ್ಬರ ಹೆಸರೂ ಇದೆ. ಸೆಬಾಸ್ಟಿಯನ್ ಅಂತಲೇ ಇಡಬೇಕು ಅಂತ ಅತ್ತೆಯ ಹಟ. ನಮ್ಮವರಿಗೆ ಫೇಬಿಯನ್ ಇಷ್ಟ. ಇವರಿಬ್ಬರು ಅಣ್ಣತಮ್ಮಂದಿರಾ? ಬಾಣಕ್ಕೆ ಬಲಿಯಾದವರು ಯಾರು?
– ಓದುಗರೊಬ್ಬರು, ಮಂಗಳೂರು

ಉತ್ತರ: ಅಣ್ಣತಮ್ಮಂದಿರು ಅಂತ ಚಿಕ್ಕಂದಿನಲ್ಲಿ ನಾನೂ ನಂಬಿದ್ದೆ. ನಮ್ಮಜ್ಜಿ ಸಂತರ ಪ್ರಾರ್ಥನಾಮಾಲೆ ಹೇಳುವಾಗ ಇವರಿಬ್ಬರ ಹೆಸರು ಒಂದೇ ಉಸಿರಿಗೆ ಬರುತ್ತಿತ್ತು. ಹಾಗೇ ಜೋಡಿಯಾಗಿ ಬರುವ ಕಾಸ್ಮಸ್, ಡೇಮಿಯನ್ ಅಣ್ಣತಮ್ಮಂದಿರು ಅಂತ ಗೊತ್ತಿತ್ತು. ಇವರೂ ಹಾಗೇ ಇರಬೇಕು ಅಂದುಕೊಂಡೆ.

ಆದರೆ ಇವರಿಗೆ ಸಂಬಂಧವೇ ಇಲ್ಲ. ಫೇಬಿಯನ್ ಪೋಪ್, ತೀರಿಕೊಂಡಿದ್ದು ಕ್ರಿ.ಶ. 250ರಲ್ಲಿ. ಸೆಬಾಸ್ಟಿಯನ್ ಸೈನಿಕ, ಸತ್ತದ್ದು ಡಯೊಕ್ಲೀಷಿಯನ್ ಚಕ್ರವರ್ತಿಯ ಕಾಲದಲ್ಲಿ, ಅಂದರೆ ಮೂರು ದಶಕಕ್ಕೂ ಜಾಸ್ತಿ ಆದಮೇಲೆ. ಮತ್ತೆ ಒಂದೇ ದಿನ ಹೇಗೆ? 354ರ ಒಂದು ರೋಮನ್ ಪಟ್ಟಿಯಲ್ಲಿ ಜನವರಿ 20ರ ಎದುರು ಇಬ್ಬರ ಹೆಸರೂ ಇದೆ, ಜೊತೆಗೆ ಯಾರ ಗೋರಿ ಎಲ್ಲಿ ಅಂತ. ಇಸವಿ ಬರೆದಿಲ್ಲ. ಪ್ರತಿವರ್ಷ ಆ ದಿನ ಗೋರಿ ಹತ್ತಿರ ಹೋಗಿ ಪ್ರಾರ್ಥಿಸುವವರಿಗೆ ಇಸವಿ ಯಾಕೆ ಬೇಕು? ನಮ್ಮಲ್ಲೂ ಅಜ್ಜನ ವರ್ಷದ ಪೂಜೆಯ ತಾರೀಕು ನೆನಪಿರುತ್ತದೆ, ಇಸವಿ ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತಾರೆ. ಇಬ್ಬರ ಗೋರಿಗಳೂ ರೋಮಿನ ಹಳೇ ಅಪ್ಪಿಯನ್ ರಸ್ತೆಯಲ್ಲೇ, ನಡೆದು ಹೋಗುವಷ್ಟು ದೂರ. ಸೆಬಾಸ್ಟಿಯನ್ ಗೋರಿ ಇದ್ದ ಜಾಗದ ಹೆಸರು 'ಕಟಕುಂಬಾಸ್'. ನೆಲದಡಿಯ ಗೋರಿಗಳಿಗೆಲ್ಲ ಕ್ಯಾಟಕೂಂಬ್ ಅಂತ ಹೆಸರು ಬಂದದ್ದು ಅಲ್ಲಿಂದಲೇ.

ಬಾಣದ ಕಥೆ ಸೆಬಾಸ್ಟಿಯನ್‌ದು. ಕ್ರೈಸ್ತ ಅಂತ ಗೊತ್ತಾಗಿ ಚಕ್ರವರ್ತಿ ಅವನಿಗೆ ಬಾಣ ಹೊಡೆಸಿದ, ಆದರೆ ಬಾಣದಿಂದ ಸಾಯಲಿಲ್ಲ! ಹೆಣ ಹೂಳಲು ಬಂದ ಐರೀನ್ ಎಂಬ ವಿಧವೆಗೆ ಉಸಿರಾಡುವುದು ಕಂಡಿತಂತೆ. ಮನೆಗೆ ಒಯ್ದು ಆರೈಕೆ ಮಾಡಿದಳು. ವಾಸಿಯಾದವನು ಸುಮ್ನೆ ಊರು ಬಿಡಬಹುದಿತ್ತು, ಅಲ್ವಾ? ನೇರ ಚಕ್ರವರ್ತಿಯ ಎದುರು ನಿಂತು ಬೈದ. ಎರಡನೇ ಸಲ ದೊಣ್ಣೆಯಿಂದ ಹೊಡೆದು ಕೊಂದರು. ಈ ಕಥೆ ಬರಹಕ್ಕೆ ಬಂದದ್ದು ಐದನೇ ಶತಮಾನದಲ್ಲಿ. ಇನ್ನೊಂದು ತಮಾಷೆ: ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಏಳನೇ ಶತಮಾನದ ಮೊಸಾಯಿಕ್ ಚಿತ್ರವಿದೆ. ಅದರಲ್ಲಿ ಸೆಬಾಸ್ಟಿಯನ್ ಗಡ್ಡದ ಹಿರಿಯ, ಮೈತುಂಬಾ ಬಟ್ಟೆ, ಒಂದೂ ಬಾಣವಿಲ್ಲ. ಕಂಬಕ್ಕೆ ಕಟ್ಟಿದ ಬರಿಮೈ ಹುಡುಗ ಮುಂದಿನ ಚಿತ್ರಕಾರರ ಕೈಚಳಕ. ಪ್ಲೇಗನ್ನು ದೇವರ ಬಾಣ ಅಂತ ಜನ ಭಾವಿಸುತ್ತಿದ್ದರು. ಬಾಣ ತಿಂದು ಬದುಕಿದವನಿಗಿಂತ ಬೇರೆ ಯಾರಿಗೆ ಮೊರೆ ಹೋಗಬೇಕು? ನಿಮ್ಮೂರ ಬೆಂದೂರಿನ ಚರ್ಚೂ ಇವರ ಹೆಸರಿನದೇ. ಅತ್ತೆಯ ಹಟ ಅರ್ಥವಾಗುತ್ತದೆ.

ನನಗೆ ಮಾತ್ರ ಫೇಬಿಯನ್ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. 236ರಲ್ಲಿ ಹೊಸ ಬಿಷಪ್ಪನನ್ನು (ರೋಮಿನ ಬಿಷಪ್ಪನೇ ಪೋಪ್) ಆರಿಸಲು ರೋಮಿನ ಸಭೆ ಸೇರಿತ್ತು. ದೊಡ್ಡ ದೊಡ್ಡ ಹೆಸರುಗಳು ಓಡಾಡುತ್ತಿದ್ದವು. ಹಳ್ಳಿಯಿಂದ ಬಂದು ಅಲ್ಲಿ ನಿಂತಿದ್ದ ಫೇಬಿಯನ್ ತಲೆಯ ಮೇಲೆ ಒಂದು ಪಾರಿವಾಳ ಕೂತಿತು ಅಂತ ಇತಿಹಾಸಕಾರ ಯೂಸೇಬಿಯಸ್ ಬರೆಯುತ್ತಾನೆ. ನಾವಾದರೆ ತಲೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆವು. ಜನ ಅದನ್ನು ಪವಿತ್ರಾತ್ಮನ ಗುರುತು ಅಂದುಕೊಂಡು 'ಇವನೇ ಯೋಗ್ಯ' ಎಂದು ಕೂಗಿ ಪೀಠದ ಮೇಲೆ ಕೂರಿಸಿದರು. 14 ವರ್ಷ ಧರ್ಮಸಭೆ ನಡೆಸಿದ ಫೇಬಿಯನ್, ಡೀಸಿಯಸ್ ಚಕ್ರವರ್ತಿ ಕ್ರೈಸ್ತರಿಗೆ ಕೊಟ್ಟ ಹಿಂಸೆಯಲ್ಲಿ ಮೊದಮೊದಲು ಸತ್ತವರಲ್ಲಿ ಒಬ್ಬ. ಅವನ ಗೋರಿಯ ಕಲ್ಲು ಸಿಕ್ಕಿದೆ. 'ಫೇಬಿಯನ್, ಬಿಷಪ್' ಅಂತ ಗ್ರೀಕ್ ಅಕ್ಷರಗಳು. ಪಕ್ಕದಲ್ಲಿ 'ರಕ್ತಸಾಕ್ಷಿ' (ನಂಬಿಕೆಗಾಗಿ ಪ್ರಾಣ ಕೊಟ್ಟವನು) ಅನ್ನುವುದರ ಸಂಕ್ಷೇಪ, ಅದನ್ನು ಆಮೇಲೆ ಕೊರೆದು ಸೇರಿಸಿದ್ದು.

ಹೆಸರಿನ ವಿಷಯ ಮನೆಯವರೇ ತೀರ್ಮಾನಿಸಿ. ಅತ್ತೆಗೆ ಪಾರಿವಾಳದ ಕಥೆ ಒಂದು ಸಲ ಹೇಳಿ ನೋಡಿ. ಅದಕ್ಕೂ ಒಪ್ಪದಿದ್ದರೆ ಜ್ಞಾನಸ್ನಾನಕ್ಕೆ ಎರಡೂ ಹೆಸರು ಬರೆಸಿ, ಪಾದ್ರಿಗಳು ಬೇಡ ಅನ್ನುವುದಿಲ್ಲ.