ಲಾಗ್ ಕಡತ ಅಳಿಸಿದ ಮೇಲೂ ಡಿಸ್ಕ್ ತುಂಬಿಯೇ ಇದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಲಿನಕ್ಸ್ ಸರ್ವರ್ ಒಂದರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮತ್ತು ಅದರ ಹಿಂದೆ ಒಂದು ಅಪ್ಲಿಕೇಶನ್ ನಡೆಯುತ್ತಿವೆ. ಡಿಸ್ಕ್ 100% ತುಂಬಿ ಸೇವೆ ನಿಂತಾಗ ನೀವು 30 ಜಿಬಿಯಷ್ಟು ಬೆಳೆದಿದ್ದ ಲಾಗ್ ಕಡತವನ್ನು (ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಕಡತ) ಅಳಿಸಿದಿರಿ. ಆದರೂ ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಕಮಾಂಡ್ ಇನ್ನೂ 100% ಎಂದೇ ತೋರಿಸುತ್ತಿದೆ, ಕಡತಗಳ ಗಾತ್ರ ಕೂಡಿಸುವ ಡಿಯು ಕಮಾಂಡ್ ಮಾತ್ರ 30 ಜಿಬಿ ಕಡಿಮೆ ಲೆಕ್ಕ ಕೊಡುತ್ತಿದೆ. ರೀಬೂಟ್ ಮಾಡಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ.

ಬಹುಮಟ್ಟಿಗೆ ಸರಿಹೋಗುತ್ತದೆ. ಆದರೂ ರೀಬೂಟ್ ಮಾಡಬೇಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ ಅದರ ಅಗತ್ಯವಿಲ್ಲ. ಅಷ್ಟೇ ಅಲ್ಲ, ಆ ಲಾಗ್ ಅಷ್ಟು ಬೆಳೆದದ್ದು ಏಕೆ ಎಂಬುದಕ್ಕೆ ಇರುವ ಸಾಕ್ಷ್ಯವೂ ರೀಬೂಟ್‌ನೊಂದಿಗೆ ಅಳಿಸಿಹೋಗುತ್ತದೆ. ನೀವು ಅಳಿಸಿದ್ದು ಕಡತದ ಹೆಸರನ್ನು ಮಾತ್ರ, ಕಡತ ಇನ್ನೂ ಅಲ್ಲಿಯೇ ಇದೆ.

ಲಿನಕ್ಸ್‌ನಲ್ಲಿ ಕಡತದ ನಿಜವಾದ ಗುರುತು ಐನೋಡ್. ಡೈರೆಕ್ಟರಿಯಲ್ಲಿ ಕಾಣುವ ಹೆಸರು ಆ ಐನೋಡ್‌ಗೆ ಕಟ್ಟಿದ ಒಂದು ಚೀಟಿಯಷ್ಟೇ. ಕಡತ ಅಳಿಸುವ ಆರ್‌ಎಂ ಕಮಾಂಡ್ ಆ ಚೀಟಿಯನ್ನು ಕಿತ್ತುಹಾಕುತ್ತದೆ. ಡಿಸ್ಕಿನ ಜಾಗ ಬಿಡುಗಡೆಯಾಗಬೇಕಾದರೆ ಎಲ್ಲ ಹೆಸರುಗಳೂ ಹೋಗಿರಬೇಕು, ಜೊತೆಗೆ ಆ ಕಡತವನ್ನು ತೆರೆದಿಟ್ಟುಕೊಂಡಿರುವ ಪ್ರತಿಯೊಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಅದನ್ನು ಮುಚ್ಚಿರಬೇಕು. ನಿಮ್ಮ ವೆಬ್ ಸರ್ವರ್ ಅಥವಾ ಅಪ್ಲಿಕೇಶನ್ ಆ ಕಡತವನ್ನು ಇನ್ನೂ ತೆರೆದಿಟ್ಟುಕೊಂಡು, ಹೆಸರಿಲ್ಲದ ಆ ಕಡತಕ್ಕೇ ಬರೆಯುತ್ತಾ ಇದೆ. ಡಿಯು ಡೈರೆಕ್ಟರಿಗಳೊಳಗೆ ಹೊಕ್ಕು ಕಣ್ಣಿಗೆ ಬಿದ್ದ ಹೆಸರುಗಳ ಗಾತ್ರವನ್ನು ಕೂಡಿಸುತ್ತದೆ, ಡಿಎಫ್ ಎಷ್ಟು ಬ್ಲಾಕ್‌ಗಳು ಬಳಕೆಯಲ್ಲಿವೆ ಎಂದು ಕಡತ ವ್ಯವಸ್ಥೆಯನ್ನೇ ಕೇಳುತ್ತದೆ. ಹಾಗಾಗಿ ಎರಡರ ಲೆಕ್ಕವೂ ಸರಿಯಾಗಿಯೇ ಇದೆ, ಅವುಗಳ ನಡುವಿನ 30 ಜಿಬಿ ವ್ಯತ್ಯಾಸವೇ ನಿಮಗೆ ಉತ್ತರ.

ಆ ಕಡತವನ್ನು ಹಿಡಿದಿಟ್ಟುಕೊಂಡವರು ಯಾರೆಂದು ತಿಳಿಯಲು ರೂಟ್, ಅಂದರೆ ಸಂಪೂರ್ಣ ಅಧಿಕಾರವಿರುವ, ಬಳಕೆದಾರರಾಗಿ ಎಲ್‌ಎಸ್‌ಒಎಫ್ ಕಮಾಂಡನ್ನು, ಮುಂದೆ ಪ್ಲಸ್ ಚಿಹ್ನೆ, ದೊಡ್ಡ ಎಲ್ ಅಕ್ಷರ ಮತ್ತು 1 ಸೇರಿಸಿ ಓಡಿಸಿ. ಒಂದೂ ಹೆಸರು ಉಳಿಯದ, ಆದರೂ ತೆರೆದಿರುವ ಕಡತಗಳನ್ನು ಅದು ಪಟ್ಟಿ ಮಾಡುತ್ತದೆ. ಪ್ರೋಸೆಸ್ ಸಂಖ್ಯೆ, ಕಡತದ ಡಿಸ್ಕ್ರಿಪ್ಟರ್ ಸಂಖ್ಯೆ (ತೆರೆದ ಕಡತಕ್ಕೆ ಆ ಪ್ರೋಸೆಸ್‌ನೊಳಗಿರುವ ಸಂಖ್ಯೆ) ಮತ್ತು ಗಾತ್ರ ಒಂದೇ ಸಾಲಿನಲ್ಲಿ ಸಿಗುತ್ತವೆ. ಹಿಡಿದಿರುವುದು ಎಂಜಿನ್‌ಎಕ್ಸ್ ಆಗಿದ್ದರೆ ಅದರ ಮುಖ್ಯ ಪ್ರೋಸೆಸ್‌ಗೆ ಯುಎಸ್‌ಆರ್1 ಸಿಗ್ನಲ್ ಕಳುಹಿಸಿದರೆ ಸಾಕು. ಅದು ಲಾಗ್ ಕಡತಗಳನ್ನು ಹೊಸದಾಗಿ ತೆರೆಯುತ್ತದೆ, ಹಳೆಯದು ಮುಚ್ಚಿಕೊಳ್ಳುತ್ತದೆ, ಯಾವ ಬಳಕೆದಾರರ ಸಂಪರ್ಕವೂ ಕಡಿಯುವುದಿಲ್ಲ. ಅಪಾಚೆ ಎಂಬ ವೆಬ್ ಸರ್ವರ್ ಆಗಿದ್ದರೆ ಗ್ರೇಸ್‌ಫುಲ್ ರೀಸ್ಟಾರ್ಟ್ (ಸಂಪರ್ಕ ಕಡಿಯದ ರೀಸ್ಟಾರ್ಟ್) ಅದೇ ಕೆಲಸ ಮಾಡುತ್ತದೆ. ನಿಮ್ಮ ಸ್ವಂತ ಅಪ್ಲಿಕೇಶನ್ ಇಂತಹ ಸಿಗ್ನಲ್‌ಗೆ ಸ್ಪಂದಿಸದಿದ್ದರೆ ಆ ಒಂದು ಸೇವೆಯನ್ನು ಮಾತ್ರ ರೀಸ್ಟಾರ್ಟ್ ಮಾಡಿ. ಅದೂ ಸಾಧ್ಯವಿಲ್ಲದಷ್ಟು ಸಂಚಾರವಿದ್ದರೆ, ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್ ಸಂಖ್ಯೆಯ ಒಳಗೆ ಎಫ್‌ಡಿ ಎಂಬ ಡೈರೆಕ್ಟರಿ ಇರುತ್ತದೆ. ಅದರಲ್ಲಿರುವ ಡಿಸ್ಕ್ರಿಪ್ಟರ್ ಸಂಖ್ಯೆಯ ಮೂಲಕ ಆ ಕಡತವನ್ನು ಶೂನ್ಯ ಗಾತ್ರಕ್ಕೆ ಇಳಿಸಬಹುದು.

ಇಳಿಸುವ ಮೊದಲು ಒಂದು ನಿಮಿಷ ತಡೆಯಿರಿ. ಅದೇ ಎಫ್‌ಡಿ ದಾರಿಯಿಂದ ಅಳಿಸಿದ ಕಡತವನ್ನು ಓದಲೂಬಹುದು. ಅದರ ಕೊನೆಯ ಕೆಲವು ಸಾವಿರ ಸಾಲುಗಳನ್ನು ಬೇರೊಂದು ಯಂತ್ರಕ್ಕೆ ನಕಲು ಮಾಡಿಕೊಳ್ಳಿ. ಲಾಗ್ 30 ಜಿಬಿಗೆ ಬೆಳೆದಿದ್ದರೆ ಅದರಲ್ಲಿ ಒಂದೇ ದೋಷ ಲಕ್ಷಾಂತರ ಬಾರಿ ಬರೆಯಲ್ಪಟ್ಟಿರುವ ಸಂಭವ ಹೆಚ್ಚು. ಆ ಸಾಲುಗಳಿಲ್ಲದೆ ನಿಜವಾದ ರೋಗ ನಿಮಗೆ ತಿಳಿಯುವುದೇ ಇಲ್ಲ.

ಡಿಸ್ಕ್ ತುಂಬಿರುವಾಗ ಕಾನ್ಫಿಗರೇಶನ್ ಕಡತಗಳನ್ನು ಎಡಿಟರ್‌ನಲ್ಲಿ ತೆರೆದು ಉಳಿಸಲು ಹೋಗಬೇಡಿ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಹಳೆಯದನ್ನು ಖಾಲಿ ಮಾಡಿ ಅದರ ಮೇಲೆಯೇ ಹೊಸದನ್ನು ಬರೆಯುವ ಎಡಿಟರ್ ಆಗಿದ್ದರೆ, ಬರೆಯಲು ಜಾಗವಿಲ್ಲದೆ ಕೊನೆಗೆ ಶೂನ್ಯ ಗಾತ್ರದ ಕಡತವೊಂದು ಉಳಿಯುತ್ತದೆ. ಮೊದಲು ಜಾಗ ಮಾಡಿಕೊಳ್ಳಿ, ತಿದ್ದುವುದು ಆಮೇಲೆ.

ಲಾಗ್ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಅಳಿಸಬಹುದಾದ ಲಾಗ್ ಎಂದು ತಿಳಿಯಬೇಡಿ. ಹಲವು ವರ್ಷಗಳ ಹಿಂದೆ ಒಂದು ರಾತ್ರಿ ಡಿಸ್ಕ್ ತುಂಬಿದಾಗ, ಡೇಟಾಬೇಸ್‌ನ ಡೈರೆಕ್ಟರಿಯಲ್ಲಿ ಪಿಜಿ ಎಕ್ಸ್‌ಲಾಗ್ ಎಂಬ ಹೆಸರು ನೋಡಿ, ಅದರೊಳಗಿನ ಹಳೆಯ ಕಡತಗಳನ್ನು ನಾನು ಅಳಿಸಿದೆ. ಅವು ಪೋಸ್ಟ್‌ಗ್ರೆಸ್ ಎಂಬ ಆ ಡೇಟಾಬೇಸ್ ತನ್ನ ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆಗಳು. ಅವು ಇಲ್ಲದೆ ಡೇಟಾಬೇಸ್ ಮತ್ತೆ ಏಳಲಿಲ್ಲ. ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಮರಳಿ ಕಟ್ಟಬೇಕಾಯಿತು, ನಡುವಿನ ಒಂದು ಹಗಲಿನ ದತ್ತಾಂಶ ಸಿಗಲೇ ಇಲ್ಲ. ಆ ತಪ್ಪು ಸಂಪೂರ್ಣವಾಗಿ ನನ್ನದು, ಆದರೆ ಅದನ್ನು ಮಾಡಿದವನು ನಾನೊಬ್ಬನೇ ಅಲ್ಲ: 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ನೇ ಆವೃತ್ತಿಯಲ್ಲಿ ಆ ಡೈರೆಕ್ಟರಿಯ ಹೆಸರನ್ನು ಪಿಜಿ ವಾಲ್ ಎಂದು ಬದಲಿಸಿದ್ದಕ್ಕೆ, ಜನ ಅದನ್ನು ಸಾಮಾನ್ಯ ಲಾಗ್ ಎಂದು ಭಾವಿಸಿ ಅಳಿಸುತ್ತಿದ್ದದ್ದೇ ಕಾರಣ. ಆ ಡೈರೆಕ್ಟರಿ ಬೆಳೆಯುತ್ತಿದ್ದರೆ ನಿಂತುಹೋದ ರೆಪ್ಲಿಕೇಶನ್ ಸ್ಲಾಟ್ (ಡೇಟಾಬೇಸ್‌ನ ಇನ್ನೊಂದು ಪ್ರತಿ ಓದುವವರೆಗೆ ದಾಖಲೆಗಳನ್ನು ಉಳಿಸಿಡುವ ವ್ಯವಸ್ಥೆ) ಇದೆಯೇ, ಆರ್ಕೈವ್ ಮಾಡುವ ಕಮಾಂಡ್ ವಿಫಲವಾಗುತ್ತಿದೆಯೇ ಎಂದು ನೋಡಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಬೈನರಿ ಲಾಗ್‌ಗಳನ್ನೂ ಅದರದೇ ಪರ್ಜ್ ಆದೇಶದಿಂದ ತೆಗೆಯಬೇಕೇ ಹೊರತು ಆರ್‌ಎಂನಿಂದಲ್ಲ.

ಎಲ್‌ಎಸ್‌ಒಎಫ್ ಪಟ್ಟಿಯಲ್ಲಿ ದೊಡ್ಡದೇನೂ ಕಾಣದಿದ್ದರೆ ಇನ್ನೆರಡು ಸಾಧ್ಯತೆಗಳನ್ನು ಬೇಗ ನೋಡಿಬಿಡಿ. ಒಂದು ಡೈರೆಕ್ಟರಿಯ ಮೇಲೆ ಬೇರೆ ಡಿಸ್ಕ್ ಮೌಂಟ್ ಆಗಿದ್ದರೆ (ಜೋಡಣೆಗೊಂಡಿದ್ದರೆ), ಮೌಂಟ್ ಆಗುವ ಮೊದಲು ಅಲ್ಲಿ ಬರೆದಿದ್ದ ಕಡತಗಳು ಅದರ ಕೆಳಗೆ ಅಡಗಿರುತ್ತವೆ. ಎಲ್ಲಕ್ಕೂ ಮೇಲಿನ ರೂಟ್ ಡೈರೆಕ್ಟರಿಯನ್ನು ಬೇರೊಂದು ಕಡೆ ಬೈಂಡ್ ಮೌಂಟ್ ಮಾಡಿ (ಇನ್ನೊಂದು ದಾರಿಯಲ್ಲೂ ಕಾಣುವಂತೆ ಜೋಡಿಸಿ) ಅಲ್ಲಿ ಡಿಯು ಓಡಿಸಿದರೆ ಅವು ಲೆಕ್ಕಕ್ಕೆ ಬರುತ್ತವೆ. ಇನ್ನು, ಡಿಎಫ್‌ನಲ್ಲಿ ಜಾಗ ಉಳಿದಿದ್ದೂ ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ದೋಷ ಬರುತ್ತಿದ್ದರೆ ಮುಗಿದಿರುವುದು ಐನೋಡ್‌ಗಳು. ಡಿಎಫ್‌ಗೆ ಐ ಆಯ್ಕೆ ಕೊಟ್ಟು ನೋಡಿ. ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಐನೋಡ್‌ಗಳು ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗುತ್ತವೆ, ಅಂದರೆ 100 ಜಿಬಿಗೆ ಸುಮಾರು 65 ಲಕ್ಷ. ಪುಟ್ಟ ಸೆಷನ್ ಕಡತಗಳನ್ನು ಸ್ವಚ್ಛ ಮಾಡದೆ ಬಿಟ್ಟರೆ ಅಷ್ಟೂ ಖರ್ಚಾಗುತ್ತದೆ.

ಇದು ಮರುಕಳಿಸದಂತೆ ಮಾಡುವುದು, ಹಳೆಯ ಲಾಗ್‌ನ ಹೆಸರು ಬದಲಿಸಿ ಹೊಸದನ್ನು ಆರಂಭಿಸುವ ಲಾಗ್‌ರೊಟೇಟ್ ಎಂಬ ಸಾಧನದ ಕೆಲಸ. ಅದು ನಿಮ್ಮ ಸರ್ವರ್‌ನಲ್ಲಿ ಈಗಾಗಲೇ ಇರಬಹುದು, ಆದರೂ ಈ ಸ್ಥಿತಿ ಬಂದಿದೆ ಎಂದಾದರೆ ಎರಡು ಕಾರಣಗಳನ್ನು ನಾನು ಮೊದಲು ಶಂಕಿಸುತ್ತೇನೆ. ಮೊದಲನೆಯದಾಗಿ, ಗಾತ್ರದ ಮಿತಿ ಹಾಕಿದ್ದರೂ ಲಾಗ್‌ರೊಟೇಟ್ ಅದನ್ನು ಪರೀಕ್ಷಿಸುವುದು ತಾನು ಓಡಿದಾಗ ಮಾತ್ರ. ಅದು ದಿನಕ್ಕೊಮ್ಮೆ ಓಡುವಂತಿದ್ದರೆ, ಒಂದು ಗಂಟೆಯಲ್ಲಿ ಬೆಳೆಯುವ ಲಾಗನ್ನು ತಡೆಯುವ ಶಕ್ತಿ ಆ ಮಿತಿಗಿಲ್ಲ. ಟೈಮರನ್ನು ಗಂಟೆಗೊಮ್ಮೆ ಎಂದು ಬದಲಿಸಿ. ಎರಡನೆಯದು, ಕಡತದ ಹೆಸರು ಬದಲಾದ ಮೇಲೆ ಪ್ರೋಸೆಸ್‌ಗೆ ಸಿಗ್ನಲ್ ಕಳುಹಿಸುವ ಪೋಸ್ಟ್‌ರೊಟೇಟ್ ಭಾಗ ಇಲ್ಲದಿರುವುದು. ಅದು ಇಲ್ಲದಿದ್ದರೆ ಪ್ರೋಸೆಸ್ ಹಳೆಯ ಕಡತಕ್ಕೇ ಬರೆಯುತ್ತಾ ಹೋಗುತ್ತದೆ. ಲಾಗನ್ನು ನಕಲು ಮಾಡಿ ಮೂಲವನ್ನು ಖಾಲಿ ಮಾಡುವ ಕಾಪಿಟ್ರಂಕೇಟ್ ಎಂಬ ಆಯ್ಕೆಯನ್ನು ಹಲವರು ಸುಲಭ ಪರಿಹಾರವಾಗಿ ಸೂಚಿಸುತ್ತಾರೆ. ಸಿಗ್ನಲ್‌ಗೆ ಸ್ಪಂದಿಸದ ಅಪ್ಲಿಕೇಶನ್‌ಗಳಿಗೆ ಅದು ಅನಿವಾರ್ಯವೇ ಇರಬಹುದು. ಆದರೆ ನಕಲು ಮುಗಿದು ಮೂಲ ಕಡತ ಖಾಲಿಯಾಗುವ ಆ ಕ್ಷಣದಲ್ಲಿ ಬಂದ ಸಾಲುಗಳು ಕಳೆದುಹೋಗುತ್ತವೆ, ಮತ್ತು ಡಿಸ್ಕಿನಲ್ಲಿ ನಕಲಿಗೂ ಜಾಗ ಬೇಕು. ತುಂಬುವ ಹಂತದಲ್ಲಿರುವ ಡಿಸ್ಕಿನಲ್ಲಿ ಇರಲಾರದ ವಸ್ತುವೇ ಅದು.

ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ಡಾಕರ್ ಬಳಸುತ್ತಿದ್ದರೆ ಇನ್ನೊಂದು ಮಾತು. ಅದರ ಜೇಸನ್-ಫೈಲ್ ಲಾಗ್‌ಗೆ ಮೂಲ ಸ್ಥಿತಿಯಲ್ಲಿ ಗಾತ್ರದ ಮಿತಿಯೇ ಇಲ್ಲ. ಡಾಕರ್‌ನ ಡೀಮನ್ (ಹಿನ್ನೆಲೆಯಲ್ಲಿ ಓಡುವ ಸೇವೆ) ಕಾನ್ಫಿಗರೇಶನ್‌ನಲ್ಲಿ ಗಾತ್ರಕ್ಕೆ ಮ್ಯಾಕ್ಸ್-ಸೈಜ್ ಮತ್ತು ಕಡತಗಳ ಸಂಖ್ಯೆಗೆ ಮ್ಯಾಕ್ಸ್-ಫೈಲ್ ಮಿತಿ ಹಾಕಿ, ಆದರೆ ಅವು ಆಮೇಲೆ ಸೃಷ್ಟಿಸಿದ ಕಂಟೇನರ್‌ಗಳಿಗೆ ಮಾತ್ರ ಅನ್ವಯಿಸುತ್ತವೆ, ಈಗಿರುವವುಗಳನ್ನು ತೆಗೆದು ಮತ್ತೆ ಸೃಷ್ಟಿಸಬೇಕು.

ಲಾಗ್‌ರೊಟೇಟ್ ಬದಲಾವಣೆಗಳನ್ನು ಮಾಡಿದ ಮೇಲೆ ಮರುದಿನದವರೆಗೆ ಕಾಯಬೇಡಿ. ಎಫ್ ಆಯ್ಕೆಯೊಂದಿಗೆ ಅದನ್ನು ಒಮ್ಮೆ ಬಲವಂತವಾಗಿ ಓಡಿಸಿ, ಒಂದು ವಿನಂತಿ ಕಳುಹಿಸಿ, ಹೊಸ ಸಾಲು ಹೊಸ ಕಡತಕ್ಕೇ ಬಿದ್ದಿದೆಯೇ ಎಂದು ನೋಡಿ. ಸಾಲು ಹಳೆಯ ಕಡತದಲ್ಲೇ ಕಂಡರೆ ಸಿಗ್ನಲ್ ತಲುಪುತ್ತಿಲ್ಲ ಎಂದರ್ಥ. ಹಾಗಾದಲ್ಲಿ ಪೋಸ್ಟ್‌ರೊಟೇಟ್ ಭಾಗದಲ್ಲಿ ಬರೆದಿರುವ ಪಿಐಡಿ ಕಡತದ (ಪ್ರೋಸೆಸ್ ಸಂಖ್ಯೆ ಬರೆದಿಟ್ಟಿರುವ ಕಡತ) ದಾರಿ ಸರಿಯಿದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಪರಿಶೀಲಿಸಿ.