ರತ್ನಗಂಬಳಿಯ ಬೆನ್ನು ಏನು ಹೇಳುತ್ತದೆ?

ಪ್ರಶ್ನೆ: ಹದಿನೆಂಟು ವರ್ಷ ಶಾರ್ಜಾದಲ್ಲಿದ್ದು ಈಗ ಮಂಗಳೂರಿಗೆ ಮರಳಿದ್ದೇವೆ. ಹೊರಡುವ ಮೊದಲು ಅಲ್ಲಿನ ಅಂಗಡಿಯೊಂದರಲ್ಲಿ ಮೂರಡಿ ಅಗಲ, ಐದಡಿ ಉದ್ದದ ಹಳೆಯ ಬಲೂಚ್ ರತ್ನಗಂಬಳಿ ಕೊಂಡೆವು. ನಡುವೆ ಒಂಟೆ ಬಣ್ಣ, ಅದರಲ್ಲೊಂದು ಮರ, ಮೇಲೆ ಕಮಾನು, ಸುತ್ತ ಕಡುಗೆಂಪು, ಕಡುನೀಲಿ. “ನೂರು ವರ್ಷ ಹಳೆಯದು, ಒಂಟೆ ಕೂದಲಿನದು, ಬಲೂಚಿಸ್ತಾನದ ಮಾಲು” ಎಂದರು. ಮನೆಯಲ್ಲಿ ಹಾಸಿ ನೋಡಿದರೆ ಒಂದು ತುದಿ ಸೊಟ್ಟ, ನೀಲಿ ಅರ್ಧದಿಂದ ಆಚೆಗೆ ತಿಳಿಯಾಗಿದೆ, ಕಂದು ಗೆರೆಗಳು ಸವೆದು ಹಳ್ಳ ಬಿದ್ದಿವೆ. ಮೋಸ ಹೋದೆವೇ?

ಉತ್ತರ: ನೀವು ದೋಷವೆಂದು ಬರೆದ ಮೂರೂ ಸಂಗತಿ ಓದಿ ನನಗೆ ಸಮಾಧಾನವೇ ಆಯಿತು. ಅನುಮಾನ ಬಂದದ್ದು ಅಂಗಡಿಯವರ ಮೂರು ಮಾತುಗಳ ಮೇಲೆ.

ಇಂಥ ಗಂಬಳಿ ನೇಯುತ್ತಿದ್ದ ಅಲೆಮಾರಿ ಕುಟುಂಬದ ಮಗ್ಗ ನೆಲಕ್ಕೆ ಗೂಟ ಹೊಡೆದು ಮಲಗಿಸಿದ್ದು. ಮೇವು ಮುಗಿದರೆ ಗೂಟ ಕಿತ್ತು, ಅರ್ಧ ನೇಯ್ದದ್ದನ್ನು ಸುತ್ತಿ ಹೇರಿಕೊಂಡು, ಮುಂದಿನ ಬೀಡಿನಲ್ಲಿ ಮತ್ತೆ ಹೂಡಬೇಕು. ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲಿನ) ಬಿಗಿ ಮೊದಲಿನಂತೆ ಇರುವುದಿಲ್ಲ, ಅಂಚು ಸೊಟ್ಟಗಾಗುತ್ತದೆ. ನೆಲದಲ್ಲಿ ಸುಕ್ಕು ಬಾರದೆ ಕೂರುವಷ್ಟು ಸೊಟ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನೀಲಿಯದೂ ಹೀಗೆಯೇ. ನೂಲನ್ನು ಸ್ವಲ್ಪ ಸ್ವಲ್ಪವೇ ಬಣ್ಣಕ್ಕೆ ಅದ್ದುತ್ತಿದ್ದರು, ಎರಡನೆಯ ಪಾಲು ಮೊದಲಿನದಕ್ಕೆ ಹೊಂದುತ್ತಿರಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಇದು ‘ಅಬ್ರಶ್’.

ಕಂದು ಗೆರೆಯ ಹಳ್ಳ ಇನ್ನೂ ಸ್ವಾರಸ್ಯದ್ದು. ಹಿಂದೆ ನಮ್ಮಲ್ಲಿ ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಬೆರೆಸಿ ಮಸಿ ಮಾಡುತ್ತಿದ್ದರಲ್ಲ, ಆ ರಸಾಯನವೇ ಇಲ್ಲೂ ನಡೆದಿದೆ. ಒಗರಿನ ಕಾಯಿ, ಸಿಪ್ಪೆಗಳ ರಸ ಕಬ್ಬಿಣದೊಡನೆ ಸೇರಿ ಕಪ್ಪುಗಂದು ಕೊಡುತ್ತದೆ, ಆದರೆ ಆ ಕಬ್ಬಿಣ ವರ್ಷಗಟ್ಟಲೆ ಉಣ್ಣೆಯನ್ನು ತಿನ್ನುತ್ತದೆ. ಆದ್ದರಿಂದ ಕಂದು ಮಾತ್ರ ತಗ್ಗಿ, ಪಕ್ಕದ ಕೆಂಪು, ನೀಲಿ ಉಬ್ಬಿ ನಿಲ್ಲುತ್ತವೆ. ನುಸಿಯ ಕೆಲಸ ಹೀಗಿರದು. ಅದಕ್ಕೆ ಬಣ್ಣದ ಭೇದವಿಲ್ಲ, ಅಡ್ಡಾದಿಡ್ಡಿ ಕೊರೆಯುತ್ತದೆ, ಮರಳಿನಂಥ ಹಿಕ್ಕೆ, ಬಿಳಿ ಬಲೆ ಬಿಟ್ಟು ಹೋಗುತ್ತದೆ.

ಈಗ ಅಂಗಡಿಯವರ ಮಾತು. ಬಲೂಚ್ ಎಂದು ಮಾರುವ ಗಂಟಿನ ರತ್ನಗಂಬಳಿಗಳ ತವರು ಇರಾನಿನ ಖೊರಾಸಾನ್, ಸೀಸ್ತಾನ್ ಮತ್ತು ಅಫ್ಘಾನಿಸ್ತಾನದ ಹೆರಾತ್ ಸುತ್ತಿನ ಪಡುವಣ ಭಾಗ. ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಹೆಚ್ಚಾಗಿ ನೇಯುವುದು ಜಮಖಾನೆಯಂಥ ಚಪ್ಪಟೆ ಬಟ್ಟೆ. ಮಶ್ಹದ್, ಹೆರಾತ್ ಪೇಟೆಗೆ ಬಂದದ್ದಕ್ಕೆಲ್ಲ ‘ಬಲೂಚ್’ ಹೆಸರೇ ಅಂಟಿತು. ನೇಯ್ದವರಲ್ಲಿ ತೈಮೂರಿ, ತೈಮನಿ, ಅರಬ್ ಬುಡಕಟ್ಟಿನವರೂ ಇದ್ದಾರೆ. (ಆ ಬಲೂಚಿಸ್ತಾನದ ಕಲಾತ್ ಸುತ್ತ ಆಡುವ ಬ್ರಾಹುಯಿ ಭಾಷೆ ಕನ್ನಡದ ದೂರದ ನೆಂಟ. ಕೊಂಡದ್ದು ಅಲ್ಲಿಯದಲ್ಲದಿದ್ದರೂ ಈ ನೆಂಟಸ್ತಿಕೆ ನಿಮಗೆ ಉಚಿತ.)

ಒಂಟೆ ಕೂದಲು ಎಂಬುದು ಬಹಳ ಸಲ ಒಂಟೆ ಬಣ್ಣದ ಕುರಿ ಉಣ್ಣೆ. ಸೂಕ್ಷ್ಮದರ್ಶಕವಿಲ್ಲದೆ ಖಚಿತವಾಗಿ ಹೇಳುವವರನ್ನು ನಾನು ನಂಬುವುದಿಲ್ಲ. ನೂರು ವರ್ಷದ ಮಾತಿಗೆ ಗಂಬಳಿಯನ್ನು ಮಗುಚಿ ಹಾಕಿ. ಹಾಸಿನ ನೂಲು ಹತ್ತಿಯದಾಗಿದ್ದರೆ ಬಹುತೇಕ ಈಚಿನದು, ಹಳೆಯವುಗಳಲ್ಲಿ ಹಾಸೂ ಉಣ್ಣೆಯದು, ಅಂಚಿಗೆ ಸುತ್ತಿದ್ದು ಮೇಕೆ ಕೂದಲು. ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣವಿದ್ದರೆ ಅದು ಕಾರ್ಖಾನೆಯ ಬಣ್ಣ. ಎಳೆಗಳನ್ನು ಬಿಡಿಸಿ ಬುಡ ನೋಡಿ. ತುದಿ ಪೇಲವವಾಗಿ ಬುಡ ಮಾತ್ರ ರಾಚುತ್ತಿದ್ದರೆ ಹಳೆಯದೆಂದು ತೋರಿಸಲು ಬಿಸಿಲಿಗೋ ರಾಸಾಯನಿಕಕ್ಕೋ ಒಡ್ಡಿರಬಹುದು. ಹಾಗೆಯೇ ಬೆನ್ನಿನ ಮೇಲೆ ಒಂದು ಚದರ ಇಂಚು ಗುರುತಿಸಿ ಗಂಟು ಎಣಿಸಿ. ಬಲೂಚ್‌ಗಳಲ್ಲಿ ಸಾಮಾನ್ಯವಾಗಿ 60ರಿಂದ 120 ಇರುತ್ತವೆ. 80 ಎಂದು ಹಿಡಿದರೂ ನಿಮ್ಮ ಗಂಬಳಿಯಲ್ಲಿ 1,72,800 ಗಂಟು, ಒಂದೊಂದೂ ಕೈಯಲ್ಲಿ ಹಾಕಿದ್ದು. ವಯಸ್ಸು ಐವತ್ತೇ ಆದರೂ ಇದು ಸುಳ್ಳಾಗುವುದಿಲ್ಲ. ನಾನಾಗಿದ್ದರೆ ಇಟ್ಟುಕೊಳ್ಳುತ್ತಿದ್ದೆ.

ಪ್ರಶ್ನೆ (ಅವರದೇ): ಕಮಾನು ಇರುವುದರಿಂದ ನಮಾಜಿನದು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಹಾಲ್‌ನಲ್ಲಿ ತುಳಿಯಬಹುದೇ?

ಉತ್ತರ: ಅವರು ಹೇಳಿದ್ದು ಸರಿ, ಆ ಕಮಾನು ಮಿಹ್ರಾಬ್, ಅಂದರೆ ಮಸೀದಿಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೋಡೆಗೂಡಿನ ಚಿತ್ರ. ಮಾರಾಟಕ್ಕೆಂದೇ ಈ ವಿನ್ಯಾಸದಲ್ಲಿ ನೇಯ್ದವೂ ಬೇಕಾದಷ್ಟಿವೆ, ತುಳಿದರೆ ತಪ್ಪೆಂದು ನಾನು ಹೇಳಲಾರೆ. ಆದರೂ ಬಾಗಿಲ ಬಳಿ ಬೇಡ, ಸೋಫಾದ ಕಾಲಡಿಯೂ ಬೇಡ. ಗೋಡೆಗೆ ಹಾಕುವುದಾದರೆ ಮೊಳೆ ಹೊಡೆಯಬೇಡಿ. ಹಿಂಬದಿಯ ಮೇಲಂಚಿಗೆ ಉದ್ದಕ್ಕೂ ಬಟ್ಟೆಯ ಕೊಳವೆ ಹೊಲಿಸಿ ಕೋಲು ತೂರಿಸಿ, ಭಾರ ಸಮನಾಗಿ ಹಂಚಿಹೋಗುತ್ತದೆ.

ಪ್ರಶ್ನೆ: ಕರಾವಳಿಯ ಮಳೆಗಾಲದಲ್ಲಿ ಉಣ್ಣೆಯ ರತ್ನಗಂಬಳಿ ಉಳಿಯುತ್ತದೆಯೇ? ತೊಳೆಯುವುದು ಹೇಗೆ?

ಉತ್ತರ: ಉಳಿಯುತ್ತದೆ, ಆದರೆ ಮರೆತು ಮೂಲೆಗಿಟ್ಟರೆ ಇಲ್ಲ. ನುಸಿಯ ಹುಳುವಿಗೆ ಕತ್ತಲೆ ಬೇಕು, ಯಾರೂ ಅಲುಗಾಡಿಸಬಾರದು. ವಾರಕ್ಕೊಮ್ಮೆ ಎತ್ತಿ ಕೊಡವಿ, ತಿಂಗಳಿಗೊಮ್ಮೆ ಎರಡೂ ಬದಿ ವ್ಯಾಕ್ಯೂಮ್ ಮಾಡಿ (ತಿರುಗುವ ಬ್ರಷ್ ತೆಗೆದಿಟ್ಟು). ಹೊಳವಾದ ದಿನ ಬೆನ್ನು ಮೇಲೆ ಮಾಡಿ ಅರ್ಧ ಗಂಟೆ ಬಿಸಿಲಿಗೆ ಹಾಕಿ. ಎತ್ತಿಡಬೇಕಾದರೆ ಮಡಚಬೇಡಿ. ಸುರುಳಿ ಸುತ್ತಿ ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿಡಿ, ಪ್ಲಾಸ್ಟಿಕ್‌ನಲ್ಲಿ ತೇವ ಸಿಕ್ಕಿಕೊಳ್ಳುತ್ತದೆ.

ತೊಳೆಯುವ ಮೊದಲು ಬಿಳಿ ಬಟ್ಟೆ ಒದ್ದೆ ಮಾಡಿ ಪ್ರತಿ ಬಣ್ಣದ ಮೇಲೂ ಒಂದು ನಿಮಿಷ ಒತ್ತಿ. ಬಟ್ಟೆಗೆ ಕೆಂಪು ಹತ್ತಿದರೆ ಮನೆಯಲ್ಲಿ ನೀರು ಮುಟ್ಟಿಸಲೇಬೇಡಿ. ವಾಷಿಂಗ್ ಮೆಷಿನ್ ಮತ್ತು ಬಟ್ಟೆ ಒಗೆಯುವ ಪುಡಿ, ಎರಡೂ ಉಣ್ಣೆಯ ವೈರಿಗಳು. ಅಡುಗೆಮನೆಯಲ್ಲಿ ಹಾಸಿ, ಸಾಂಬಾರು ಚೆಲ್ಲಿಸಿಕೊಂಡು ಬರೆಯುವವರಿಗೂ ನನ್ನ ಉತ್ತರ ಇದೇ: ಒತ್ತಿ ಹೀರಿಸಿ, ಉಜ್ಜಬೇಡಿ.

ಪ್ರಶ್ನೆ: ಹುಬ್ಬಳ್ಳಿಯವರು ನಾವು. ನಮ್ಮ ನವಲಗುಂದದ ಜಮಖಾನೆಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಜಮಖಾನೆಯಲ್ಲಿ ಹೊಕ್ಕಿನ (ಅಡ್ಡಕ್ಕೆ ಹಾಯುವ) ನೂಲೇ ಚಿತ್ತಾರ ಬಿಡಿಸುತ್ತದೆ, ಗಂಟಿಲ್ಲ, ನಿಂತ ಎಳೆಯಿಲ್ಲ. ನವಲಗುಂದದ್ದು ಹತ್ತಿ, ಹಾಗಾಗಿ ನುಸಿಯ ಕಾಟವೂ ಇಲ್ಲ. ಬಲೂಚ್ ಗಂಬಳಿಯ ಎರಡು ತುದಿಗಳಲ್ಲಿ, ಗೊಂಡೆಗೆ ಮುಂಚೆ, ಗಂಟಿಲ್ಲದ ಪಟ್ಟಿಯೊಂದು ಇರುತ್ತದೆ, ಅದರ ಜಾತಿ ಮಾತ್ರ ನಿಮ್ಮ ಜಮಖಾನೆಯದೇ. ಹಳೆಯ ಗಂಬಳಿಗಳಲ್ಲಿ ಮೊದಲು ಹರಿದುಹೋಗುವುದೂ ಅದೇ. ಕೊಳ್ಳುವಾಗ ಅದು ಪೂರ್ತಿ ಉಳಿದಿದ್ದರೆ ನಾಲ್ಕು ಕಾಸು ಹೆಚ್ಚು ಕೊಡಿ.