ತೆನೆಯಲ್ಲೇ ಮೊಳೆತ ನೆಲ್ಲು, ಮಡಿಯಲ್ಲಿ ಏಳದ ನೆಲ್ಲು

ಪ್ರಶ್ನೆ: ಸರ್, ನಮ್ಮದು ಸಿಂಧನೂರು ಕಡೆ, ಕಾಲುವೆ ನೀರಿನ ಗದ್ದೆ. ನವೆಂಬರಿನಲ್ಲಿ ಕಟಾವಿಗೆ ಬಂದ ನೆಲ್ಲು ಮಳೆಗೆ ಮಲಗಿತು. ನಾಲ್ಕೇ ದಿನದಲ್ಲಿ ತೆನೆಯಲ್ಲೇ ಮೊಳಕೆ ಬಂತು. ಪಕ್ಕದ ಗದ್ದೆಯ ತಳಿ ಬೇರೆ. ಅದೂ ಬಿದ್ದಿತ್ತು, ಆದರೆ ಮೊಳೆಯಲಿಲ್ಲ. ಕಟಾವಾದ ಕೂಡಲೇ ಪಕ್ಕದವರ ಆ ಕಾಳನ್ನೇ ತಂದು ಬೇಸಿಗೆ ಬೆಳೆಗೆ ಸಸಿ ಮಡಿಗೆ ಹಾಕಿದೆ. ಅರ್ಧಕ್ಕರ್ಧ ಏಳಲೇ ಇಲ್ಲ. ಎರಡೂ ಕಳಪೆ ಬೀಜ ಅಂತಾರೆ ಊರಲ್ಲಿ. ನಿಜವೇ?

ಉತ್ತರ: ಎರಡೂ ಕಳಪೆ ಅಲ್ಲ. ನಿಮ್ಮ ಕಾಳಿಗೆ ನಿದ್ದೆ ಕಡಿಮೆ, ಪಕ್ಕದವರ ಕಾಳಿಗೆ ಜಾಸ್ತಿ, ಅಷ್ಟೇ. ಬಲಿತ ಕಾಳು ನೀರು ಸಿಕ್ಕರೂ ಕೆಲವು ಕಾಲ ಮೊಳೆಯದೆ ಇರುವುದೇ ಈ ನಿದ್ದೆ.

ಊಟದ ತಟ್ಟೆಯಲ್ಲಿರುವ ಒಂದು ಅಕ್ಕಿ ಕಾಳನ್ನು ಬೆರಳ ಮೇಲೆ ಇಟ್ಟು ನೋಡಿ. ಒಂದು ತುದಿಯಲ್ಲಿ ಓರೆಯಾಗಿ ಕಚ್ಚಿದ ಹಾಗೆ ಕಾಣುತ್ತದೆ. ಮುಂದೆ ಸಸಿಯಾಗಬೇಕಿದ್ದ ಭ್ರೂಣ ಕೂತಿದ್ದ ಜಾಗ ಅದು. ಮಿಲ್ಲಿನಲ್ಲಿ ಉದುರಿ ತೌಡಿನ ಜೊತೆ ಹೋಗಿದೆ. ಉಳಿದ ಬಿಳಿ ಭಾಗವೆಲ್ಲ ಅದಕ್ಕೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ.

ಹೂ ಬಿಟ್ಟ ಮೇಲೆ ನೆಲ್ಲು ಬಲಿಯಲು ಸುಮಾರು 30 ದಿನ ಬೇಕು. ಆದರೆ ಭ್ರೂಣ ಹತ್ತು ಹನ್ನೆರಡು ದಿನಕ್ಕೇ ಬಹುಮಟ್ಟಿಗೆ ತಯಾರಾಗಿರುತ್ತದೆ. ಆಗಲೇ ಹೊರಟುಬಿಟ್ಟರೆ ಕೆಲಸ ಕೆಟ್ಟಿತು, ಅಲ್ವಾ? ಅದನ್ನು ತಡೆಯುವುದು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು. ಕಾಳು ಹಾಲು ತುಂಬಿ ಗಟ್ಟಿಯಾಗುವ ದಿನಗಳಲ್ಲಿ ಇದು ಏರುತ್ತದೆ. ಬುತ್ತಿ ತುಂಬಿಸುವುದು, ಒಣಗಿದರೂ ಸಾಯದ ಹಾಗೆ ಭ್ರೂಣವನ್ನು ಸಜ್ಜುಗೊಳಿಸುವುದು, ಮಲಗಿಸುವುದು ಎಲ್ಲದರಲ್ಲೂ ಇದರ ಕೈ ಇದೆ.

ಎಬ್ಬಿಸುವುದು ಇನ್ನೊಂದು, ಜಿಬ್ಬರೆಲಿನ್. ಇದರ ಗುರುತು ಸಿಕ್ಕಿದ್ದೂ ನೆಲ್ಲಿನಲ್ಲೇ. ಸಸಿ ಸುಮ್ನೆ ಉದ್ದಕ್ಕೆ ಬೆಳೆದು ಸಾಯುವ ರೋಗವೊಂದಿದೆ. ಆ ರೋಗದ ಶಿಲೀಂಧ್ರ ಬಿಡುವ ರಸ ಸಾಕು, ಸಸಿ ಹಾಗೆ ಬೆಳೆಯುತ್ತದೆ ಎಂದು 1926ರಲ್ಲಿ ಜಪಾನಿನ ಕುರೊಸಾವ ತೋರಿಸಿದರು. ಮುಂದೆ ಆ ರಸದಲ್ಲಿ ಸಿಕ್ಕಿದ್ದೇ ಜಿಬ್ಬರೆಲಿನ್. ಕಾಳು ನೀರು ಕುಡಿದಾಗ ಇದು ತೌಡಿನ ಪದರಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಪದರ ಅಮೈಲೇಸ್ ಎಂಬ ಕಿಣ್ವ ಬಿಡುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ, ಮೊಳಕೆ ಹೊರಡುತ್ತದೆ. ತೆನೆಯಲ್ಲೇ ಮೊಳೆತ ನೆಲ್ಲನ್ನು ಮಿಲ್ಲಿಗೆ ಹಾಕಿದರೆ ನುಚ್ಚು ಜಾಸ್ತಿ ಬರುವುದೂ ಇದಕ್ಕೇ.

ಯಾವುದರ ಕೈ ಮೇಲಾಗಬೇಕು ಎನ್ನುವುದನ್ನು ಬಹುಪಾಲು ತಳಿಯ ಜೀನುಗಳೇ ತೀರ್ಮಾನಿಸುತ್ತವೆ. ಮೆಕ್ಕೆಜೋಳದಲ್ಲಿ ವಿಪಿ1 ಎಂಬ ಜೀನು ಕೆಟ್ಟರೆ ತೆನೆ ಗಿಡದಲ್ಲಿದ್ದಾಗಲೇ ಕಾಳು ಮೊಳೆಯುತ್ತವೆ. ನೆಲ್ಲಿನಲ್ಲಿ ನಿದ್ದೆ ಹೆಚ್ಚಿಸುವ ಎಸ್‌ಡಿಆರ್4 ಎಂಬ ಜೀನನ್ನು 2010ರಲ್ಲಿ ಗುರುತಿಸಿದರು. ಬಿತ್ತಿದ್ದೆಲ್ಲ ಒಟ್ಟಿಗೆ ಏಳಬೇಕು ಎಂದು ರೈತರು ಸಾವಿರಾರು ವರ್ಷ ಆರಿಸುತ್ತಾ ಬಂದಿದ್ದರಿಂದ ಕಾಡು ನೆಲ್ಲಿನ ಗಾಢ ನಿದ್ದೆ ನಮ್ಮ ತಳಿಗಳಲ್ಲಿ ಕರಗಿದೆ. ನನ್ನನ್ನು ಕೇಳಿದರೆ, ನವೆಂಬರಿನ ಮಳೆ ನಂಬಲಾಗದ ನಮ್ಮ ಕಡೆಗೆ ಎರಡು ಮೂರು ವಾರ ಮಲಗುವ ತಳಿಯೇ ಸರಿ. ಬೀಜ ಕೊಳ್ಳುವಾಗ ಇಳುವರಿ, ಅವಧಿ ಕೇಳುತ್ತೀರಿ. ಕಾಳು ಎಷ್ಟು ದಿನ ಮಲಗುತ್ತೆ ಅಂತಲೂ ಕೇಳಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿದರೂ ಆಯಿತು.

ಏಳದ ಕಾಳು ಸತ್ತಿದೆಯೋ ಮಲಗಿದೆಯೋ ಅಂತ ಮನೆಯಲ್ಲೇ ನೋಡಬಹುದು. ಇಪ್ಪತ್ತು ಕಾಳಿನ ಹೊಟ್ಟನ್ನು ಉಗುರಿನಿಂದ ಬಿಡಿಸಿ, ಭ್ರೂಣಕ್ಕೆ ಪೆಟ್ಟಾಗದ ಹಾಗೆ. ಅವನ್ನೂ ಹೊಟ್ಟು ಬಿಡಿಸದ ಒಂದಷ್ಟು ಕಾಳನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹೊಟ್ಟು ಬಿಡಿಸಿದ್ದು ಮೊಳೆತು, ಇಡೀ ಕಾಳು ಮೊಳೆಯದಿದ್ದರೆ ಬೀಜ ಜೀವಂತ ಇದೆ, ನಿದ್ದೆಯಲ್ಲಿದೆ. ಚೆನ್ನಾಗಿ ಒಣಗಿಸಿ ಕೆಲವು ವಾರ ಇಟ್ಟರೆ ತಾನೇ ಎಚ್ಚರಾಗುತ್ತದೆ. ಪ್ರಯೋಗಾಲಯದಲ್ಲಿ 50 ಡಿಗ್ರಿ ಒಣ ಶಾಖದಲ್ಲಿ ನಾಲ್ಕೈದು ದಿನ ಇಟ್ಟು ಎಬ್ಬಿಸುತ್ತಾರೆ. ನೈಟ್ರಿಕ್ ಆಮ್ಲದ ದಾರಿಯೂ ಇದೆ, ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಮುಂದೆ ಹೀಗೆ ಬೆಳೆ ಮಳೆಗೆ ನೆಲಕ್ಕೆ ಬಿದ್ದರೆ ಮೊದಲು ಗದ್ದೆಯ ನೀರು ಬಸಿಯಿರಿ. ಮಳೆ ಬಿಟ್ಟ ಕೂಡಲೇ 200 ಲೀಟರ್ ನೀರಿಗೆ 10 ಕೆಜಿ ಅಡುಗೆ ಉಪ್ಪು ಕರಗಿಸಿ, ಒಂದು ಎಕರೆಗೆ, ತೆನೆ ನೆನೆಯುವಂತೆ ಸಿಂಪಡಿಸಿ. ಉಪ್ಪುನೀರನ್ನು ಕಾಳು ಸುಲಭಕ್ಕೆ ಹೀರುವುದಿಲ್ಲ. ಮೊಳಕೆ ಹೊರಗೆ ಬಂದ ಮೇಲೆ ಪ್ರಯೋಜನ ಇಲ್ಲ. ಪದೇ ಪದೇ ಹೊಡೆಯಬೇಡಿ, ನಮ್ಮ ಗದ್ದೆಗಳಲ್ಲಿ ಸವಳು ಈಗಲೇ ಸಾಕಷ್ಟಿದೆ. ಮೊಳೆತ ಕಾಳನ್ನಂತೂ ಬೀಜಕ್ಕೆ ಇಡಬೇಡಿ.

ಪ್ರಶ್ನೆ: ಕೊಪ್ಪಳದ ಹತ್ತಿರ ಶೇಂಗಾ ಹಾಕಿದ್ದೆವು. ಕೀಳುವ ಹೊತ್ತಿಗೆ ಮಳೆ ಹಿಡಿದು ಕಾಯಿ ಮಣ್ಣಲ್ಲೇ ಮೊಳೆತವು. ಇದೂ ಅದೇನಾ?

ಉತ್ತರ: ಹೌದು. ಟಿಎಂವಿ-2ರಂಥ ಗೊಂಚಲು ಶೇಂಗಾಕ್ಕೆ ನಿದ್ದೆಯೇ ಇಲ್ಲವೆನ್ನಬಹುದು. ಹಬ್ಬು ಶೇಂಗಾ ಹಾಗಲ್ಲ, ವಾರಗಟ್ಟಲೆ ಮಲಗುತ್ತದೆ. ಶೇಂಗಾ ಬೀಜವನ್ನು ಎಬ್ಬಿಸುವುದರಲ್ಲಿ ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನಿನ ಪಾತ್ರ ದೊಡ್ಡದು. ಗೊಂಚಲು ತಳಿ ಹಾಕಿದ್ದರೆ ಬಲಿತ ಮೇಲೆ ಗಿಡ ಹೊಲದಲ್ಲಿ ಬಿಡಬೇಡಿ. ಅಲ್ಲೊಂದು ಇಲ್ಲೊಂದು ಗಿಡ ಕಿತ್ತು ಕಾಯಿ ಒಡೆದು ನೋಡಿ. ನಾಲ್ಕರಲ್ಲಿ ಮೂರು ಕಾಯಿಯ ಸಿಪ್ಪೆಯ ಒಳಮೈ ಕಂದು, ಕಪ್ಪಾಗಿದ್ದರೆ ಮೋಡ ಕಟ್ಟುವ ಮೊದಲೇ ಕಿತ್ತುಬಿಡಿ.